‘ಹೆಚ್ಚು ಹೊತ್ತು ನಿಲ್ಲಬೇಡಿ’

ವೆರಿಕೋಸ್ ವೇನ್ಸ್ ಇರುವವರಿಗೆ ವೈದ್ಯರು ಹೇಳುವ ಮೊದಲ ಮಾತು ‘ಹೆಚ್ಚು ಹೊತ್ತು ನಿಲ್ಲಬೇಡಿ’. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲೂ ಇದೇ, ಖಾಸಗಿ ಆಸ್ಪತ್ರೆಯ ಬಣ್ಣದ ಕರಪತ್ರದಲ್ಲೂ ಇದೇ, ಭಾನುವಾರದ ಪುರವಣಿಯ ಆರೋಗ್ಯ ಅಂಕಣದಲ್ಲೂ ಇದೇ. ವೈದ್ಯಕೀಯವಾಗಿ ಈ ಮಾತಿನಲ್ಲಿ ತಪ್ಪಿಲ್ಲ. ನನ್ನ ತಕರಾರು ಇರುವುದು ಇದನ್ನು ಯಾರ ಕೈಗೆ ಕೊಟ್ಟು ಕಳಿಸುತ್ತಿದ್ದೇವೆ ಎಂಬುದರ ಬಗ್ಗೆ. ಬಟ್ಟೆ ಅಂಗಡಿಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಸೀರೆ ಬಿಡಿಸಿ ತೋರಿಸುವ ಹುಡುಗಿ, ದರ್ಶಿನಿಯ ಕಾದ ಹೆಂಚಿನ ಮುಂದಿರುವ ದೋಸೆ ಭಟ್ಟರು, ಸಿಗ್ನಲ್ಲಿನ ಟ್ರಾಫಿಕ್ ಪೇದೆ, ವಾರ್ಡಿನ ನರ್ಸ್, ಬಸ್ಸಿನ ಕಂಡಕ್ಟರ್, ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಮಾಡುವ ಹೆಂಗಸು. ಇವರಲ್ಲಿ ಯಾರೂ ಇಷ್ಟಪಟ್ಟು ನಿಂತವರಲ್ಲ. ನಿಲ್ಲುವುದಕ್ಕೇ ಅವರಿಗೆ ಸಂಬಳ. ಅಂಥವರಿಗೆ ‘ನಿಲ್ಲಬೇಡಿ’ ಎನ್ನುವುದು ಹಸಿದವರಿಗೆ ‘ಹೊತ್ತುಹೊತ್ತಿಗೆ ಊಟ ಮಾಡಿ’ ಎಂದು ಬರೆದುಕೊಟ್ಟಂತೆ.

ಈ ಕಾಯಿಲೆಗೆ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ನಿಜಕ್ಕೂ ಒಳ್ಳೆಯ ಚಿಕಿತ್ಸೆಗಳು ಬಂದಿವೆ. ಅವು ಬೇಕಾದ ಕಾಲುಗಳಿಗೆ ಹೊತ್ತಿಗೆ ಸರಿಯಾಗಿ ತಲುಪುತ್ತಿಲ್ಲ. ತಲುಪಿದರೂ, ಗುಣವಾದ ಕಾಲನ್ನು ನಾವು ಮತ್ತೆ ಅದೇ ಜಾಗದಲ್ಲಿ ತಂದು ನಿಲ್ಲಿಸುತ್ತೇವೆ. ಚಿಕಿತ್ಸೆಯ ಪಟ್ಟಿಯಲ್ಲಿ ಇರಲೇಬೇಕಾದ ಒಂದು ವಸ್ತು ಬಿಟ್ಟುಹೋಗಿದೆ, ಅದು ಕುರ್ಚಿ. ಅದನ್ನು ವೈದ್ಯರು ಬರೆದುಕೊಡಲಾರರು, ಮೆಡಿಕಲ್ ಸ್ಟೋರಿನವರು ಮಾರಲಾರರು. ಕಾನೂನು ಮಾತ್ರ ಕೊಡಬಲ್ಲದು. ಕರ್ನಾಟಕ ಅದನ್ನು ಇನ್ನೂ ಅಂಗಡಿ ಕೆಲಸಗಾರರಿಗೆ ಕೊಟ್ಟಿಲ್ಲ.

ನನ್ನದು ಕನ್ನಡ ಅಧ್ಯಯನದ ಸಂಶೋಧನೆ, ವೈದ್ಯಕೀಯವಲ್ಲ. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದು ಪದದ ಕಡೆಗೆ. ಈ ಕಾಯಿಲೆಯನ್ನು ನಮ್ಮ ಜನ ‘ನರ ಉಬ್ಬಿದೆ’, ‘ನರ ಗಂಟು ಕಟ್ಟಿದೆ’ ಎನ್ನುತ್ತಾರೆ. ಆಡುಮಾತಿನ ‘ನರ’ಕ್ಕೆ ಮಿದುಳಿನ ಸಂದೇಶ ಒಯ್ಯುವ ತಂತುವೂ ಸೇರುತ್ತದೆ, ರಕ್ತ ಒಯ್ಯುವ ನಾಳವೂ ಸೇರುತ್ತದೆ. ಶಾಲೆಯ ವಿಜ್ಞಾನ ಪುಸ್ತಕ ಅಪಧಮನಿ, ಅಭಿಧಮನಿ ಎಂದು ಕಲಿಸುತ್ತದೆ. ಆ ಎರಡು ಪದಗಳು ಪರೀಕ್ಷೆಯ ಹಾಲ್ ದಾಟಿ ಹೊರಗೆ ಬಂದಿದ್ದನ್ನು ನಾನು ಕಂಡಿಲ್ಲ. ಪರಿಣಾಮ ಏನೆಂದರೆ, ಅಭಿಧಮನಿ ಕೆಟ್ಟ ಕಾಲನ್ನು ಹೊತ್ತುಕೊಂಡು ಜನ ‘ನರದ ಡಾಕ್ಟರ’ನ್ನು ಹುಡುಕುತ್ತಾರೆ, ‘ನರದ ವೀಕ್ನೆಸ್’ಗೆ ಟಾನಿಕ್ ಕುಡಿಯುತ್ತಾರೆ, ಉಬ್ಬಿದ ಕಡೆ ಎಣ್ಣೆ ಹಚ್ಚಿ ನೀವಿಸಿಕೊಳ್ಳುತ್ತಾರೆ. ಸರಿಯಾದ ಬಾಗಿಲು ತಟ್ಟುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ತೋರಿಸಬೇಕಾದದ್ದು ಜನರಲ್ ಸರ್ಜನ್‌ಗೆ ಅಥವಾ ರಕ್ತನಾಳದ ಶಸ್ತ್ರವೈದ್ಯರಿಗೆ ಎಂಬ ಒಂದು ಸಾಲನ್ನಾದರೂ ಕನ್ನಡದ ಆರೋಗ್ಯ ಅಂಕಣಗಳು ದಪ್ಪ ಅಕ್ಷರದಲ್ಲಿ ಹಾಕಬಾರದೇ?

ಕೆಡುವುದು ಏನು ಎಂಬುದನ್ನೂ ಸರಳವಾಗಿ ಹೇಳಬಹುದು. ಹೃದಯ ತಳ್ಳಿದ ರಕ್ತ ಕಾಲಿಗೆ ಇಳಿಯುವುದು ಸುಲಭ, ಹತ್ತಿ ಬರುವುದು ಕಷ್ಟ. ಅದನ್ನು ಮೇಲೆತ್ತುವುದು ಮೀನಖಂಡದ ಸ್ನಾಯು. ನಡೆದಾಗಲೆಲ್ಲ ಆ ಸ್ನಾಯು ಒಳಗಿನ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ತಳ್ಳಿದ್ದು ವಾಪಸ್ ಬೀಳದಂತೆ ಅಭಿಧಮನಿಯೊಳಗೆ ಅಲ್ಲಲ್ಲಿ ಪುಟ್ಟ ಕವಾಟಗಳಿವೆ, ಒಂದೇ ಕಡೆಗೆ ತೆರೆಯುವ ಬಾಗಿಲುಗಳ ಹಾಗೆ. ಅಲ್ಲಾಡದೆ ನಿಂತಾಗ ಪಂಪ್ ಕೆಲಸ ಮಾಡುವುದಿಲ್ಲ, ರಕ್ತದ ಕಂಬದ ಪೂರ್ತಿ ಭಾರ ಕೆಳಗಿನ ಕವಾಟಗಳ ಮೇಲೆ ಬೀಳುತ್ತದೆ. ಗೋಡೆ ಹಿಗ್ಗುತ್ತದೆ, ಬಾಗಿಲುಗಳು ಒಂದಕ್ಕೊಂದು ಸೇರದಾಗುತ್ತವೆ, ರಕ್ತ ಕೆಳಕ್ಕೆ ಸೋರುತ್ತದೆ. ಹಾಗೆ ಕೆಟ್ಟ ಕವಾಟ ತಾನಾಗಿ ಸರಿಹೋಗುವುದಿಲ್ಲ. ಯಾವ ಎಣ್ಣೆಯೂ, ಯಾವ ಲೇಪವೂ, ವಾಟ್ಸಾಪಿನಲ್ಲಿ ಬರುವ ಟೊಮೆಟೊ ಮತ್ತು ವಿನೆಗರ್ ಪಟ್ಟಿಯೂ ಅದನ್ನು ಸರಿಮಾಡುವುದಿಲ್ಲ.

ಹಾಗಾದರೆ ಇರುವ ಚಿಕಿತ್ಸೆಗಳು ಯಾವುವು? ಮೊದಲು ಬೇಕಾದದ್ದು ಡಾಪ್ಲರ್ ಸ್ಕ್ಯಾನ್. ಕಾಲಿನ ಮೇಲೆ ಜೆಲ್ ಸವರಿ, ರೋಗಿಯನ್ನು ನಿಲ್ಲಿಸಿ, ಯಾವ ಅಭಿಧಮನಿಯಲ್ಲಿ ಎಷ್ಟು ಸೋರಿಕೆ ಇದೆ, ಒಳಗಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡುವ ಪರೀಕ್ಷೆ. ಇದಿಲ್ಲದೆ ಕೊಡುವ ಯಾವ ಚಿಕಿತ್ಸೆಯೂ ಕತ್ತಲಲ್ಲಿ ಕಲ್ಲು ಬೀಸಿದ ಹಾಗೆ.

ಎರಡನೆಯದು ಬಿಗಿ ಕಾಲುಚೀಲ. ಇದು ಊತವನ್ನೂ ನೋವನ್ನೂ ತಗ್ಗಿಸುತ್ತದೆ, ಕವಾಟವನ್ನು ರಿಪೇರಿ ಮಾಡುವುದಿಲ್ಲ. ಬೆಳಿಗ್ಗೆ ಏಳುತ್ತಲೇ, ಕಾಲು ಊದಿಕೊಳ್ಳುವ ಮೊದಲು ಹಾಕಬೇಕು, ದಿನವೆಲ್ಲ ಹಾಕಿರಬೇಕು, ಕೆಲವು ತಿಂಗಳಿಗೆ ಅದರ ಬಿಗಿ ಸಡಿಲಾಗುವುದರಿಂದ ಬದಲಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ, ಅಪಧಮನಿ ಕಟ್ಟಿಕೊಂಡವರಲ್ಲಿ ಪರೀಕ್ಷಿಸದೆ ಹಾಕಿದರೆ ಅಪಾಯವೂ ಉಂಟು. ರಾಯಚೂರಿನ ಏಪ್ರಿಲ್‌ನಲ್ಲಿ, ಇಸ್ತ್ರಿ ವಿಭಾಗದ ಆವಿಯಲ್ಲಿ, ಹೋಟೆಲಿನ ಒಲೆಯ ಮುಂದೆ ತೊಡೆಯವರೆಗಿನ ಬಿಗಿ ಚೀಲ ಹಾಕಿಕೊಂಡು ನಿಲ್ಲಿ ಎನ್ನುವವರು ಒಂದು ದಿನ ಹಾಕಿ ನೋಡಲಿ. ಇಂಗ್ಲೆಂಡಿನ ಆರೋಗ್ಯ ವ್ಯವಸ್ಥೆಗೆ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2013ರಲ್ಲೇ, ಬೇರೆ ಚಿಕಿತ್ಸೆ ಮಾಡಲು ಸಾಧ್ಯವಿರುವವರಿಗೆ ಬರೀ ಕಾಲುಚೀಲ ಕೊಟ್ಟು ಕಳಿಸಬೇಡಿ ಎಂದಿತು. ನಮ್ಮಲ್ಲಿ ಬಡ ರೋಗಿಗೆ ಇಂದಿಗೂ ಸಿಗುವುದು ಬಹುಮಟ್ಟಿಗೆ ಅದೇ. ಅದೂ ಹಲವು ಸಲ ಕಾಲುಚೀಲವಲ್ಲ, ಒಂದು ಕ್ರೇಪ್ ಬ್ಯಾಂಡೇಜ್.

ಮೂರನೆಯದು ಕೆಟ್ಟ ಅಭಿಧಮನಿಯನ್ನು ಮುಚ್ಚಿಬಿಡುವುದು. ಲೇಸರ್ ಅಥವಾ ರೇಡಿಯೋ ತರಂಗದ ಸಣ್ಣ ಎಳೆಯೊಂದನ್ನು ಸ್ಕ್ಯಾನ್ ನೋಡುತ್ತ ನಾಳದೊಳಗೆ ತೂರಿಸಿ, ಸುತ್ತಲೂ ಮರಗಟ್ಟಿಸುವ ದ್ರವ ಚುಚ್ಚಿ, ಬಿಸಿಯಿಂದ ಒಳಗೋಡೆಯನ್ನು ಸುಟ್ಟು ಮುಚ್ಚುತ್ತಾರೆ. ರೋಗಿ ಅದೇ ದಿನ ನಡೆದುಕೊಂಡು ಮನೆಗೆ ಹೋಗಬಹುದು. ಬಿಸಿ ಬೇಡವೆಂದರೆ ಅಂಟಿನಿಂದ ಮುಚ್ಚುವ ವಿಧಾನ ಬಂದಿದೆ. ಔಷಧವನ್ನು ನೊರೆ ಮಾಡಿ ಚುಚ್ಚುವ ಸ್ಕ್ಲೆರೋಥೆರಪಿ ಇದೆ. ನೈಸ್ ಸೂಚಿಸುವ ಅನುಕ್ರಮ ಹೀಗಿದೆ: ಮೊದಲು ಲೇಸರ್ ಅಥವಾ ರೇಡಿಯೋ ತರಂಗ, ಅದು ಹೊಂದದಿದ್ದರೆ ನೊರೆ, ಅದೂ ಹೊಂದದಿದ್ದರೆ ಶಸ್ತ್ರಕ್ರಿಯೆ. ರಕ್ತನಾಳವೊಂದನ್ನು ಮುಚ್ಚಿದರೆ ಗತಿಯೇನು ಎಂಬ ಭಯ ಸಹಜ. ಕಾಲಿನ ರಕ್ತದ ಬಹುಪಾಲು ಹತ್ತುವುದು ಆಳದ ಅಭಿಧಮನಿಗಳ ಮೂಲಕ. ಚರ್ಮದ ಕೆಳಗಿನ ಈ ನಾಳವನ್ನು ಹೃದಯದ ಬೈಪಾಸ್ ಮಾಡುವಾಗ ವೈದ್ಯರು ಕಾಲಿನಿಂದ ಕಿತ್ತು ಎದೆಗೆ ಜೋಡಿಸುತ್ತಾರೆ, ಕಾಲು ನಡೆಯುತ್ತಲೇ ಇರುತ್ತದೆ.

ನಾಲ್ಕನೆಯದು ಹಳೆಯ ಶಸ್ತ್ರಕ್ರಿಯೆ. ತೊಡೆಯ ಸಂದಿಯಲ್ಲಿ ನಾಳ ಕಟ್ಟಿ, ಉದ್ದಕ್ಕೂ ಎಳೆದು ತೆಗೆಯುವುದು. ನೂರು ವರ್ಷಕ್ಕೂ ಹಳೆಯ ವಿಧಾನ. ಇಂದೂ ಕೆಲವರಿಗೆ ಸರಿಯಾದದ್ದೇ, ಚೆನ್ನಾಗಿ ಮಾಡಿದರೆ ಫಲವೂ ಚೆನ್ನಾಗಿದೆ. ಆದರೆ ನಮ್ಮ ಊರುಗಳಲ್ಲಿ ಈ ಕಾಯಿಲೆಯ ಬಗ್ಗೆ ಇರುವ ಹೆದರಿಕೆಯೆಲ್ಲ ಇದರದೇ. ಹೆದರಿಕೆಗೆ ಇತಿಹಾಸವೂ ಇದೆ. ರೋಮಿನ ಸೇನಾಪತಿ ಗೈಯಸ್ ಮೇರಿಯಸ್ ಒಂದು ಕಾಲನ್ನು ಕೊಯ್ಯಿಸಿಕೊಂಡು, ನೋವು ಸಹಿಸಿಕೊಂಡು, ಇನ್ನೊಂದು ಕಾಲು ಕೊಡಲು ಒಪ್ಪಲಿಲ್ಲ ಎಂದು ಪ್ಲೂಟಾರ್ಕ್ ಬರೆದಿದ್ದಾನೆ. ಎರಡು ಸಾವಿರ ವರ್ಷದ ಹಿಂದಿನ ಆ ಹೆದರಿಕೆಗೆ ಈಗ ಕಾರಣ ಉಳಿದಿಲ್ಲ ಎಂದು ನಮ್ಮ ಜನಕ್ಕೆ ಯಾರೂ ಕೂತು ಹೇಳಿಲ್ಲ.

ಹೇಳುವವರು ಇದ್ದಾರೆ, ಜಾಹೀರಾತಿನವರು. ನಗರದ ಬಸ್ಸುಗಳ ಹಿಂದೆ, ಫ್ಲೈಓವರ್ ಕಂಬಗಳ ಮೇಲೆ ನುಣುಪಾದ ಬಿಳಿ ಕಾಲಿನ ಚಿತ್ರ ಹಾಕಿ ‘ನೋವಿಲ್ಲ, ಗಾಯವಿಲ್ಲ, ಅದೇ ದಿನ ಮನೆಗೆ’ ಎಂದು ಬರೆದಿರುತ್ತಾರೆ. ಆ ಕಾಲು ಎಂದೂ ದುಡಿದ ಕಾಲಲ್ಲ. ಕಾಯಿಲೆಯನ್ನು ಚೆಂದದ ಪ್ರಶ್ನೆಯಾಗಿ ಮಾರಲು ಹೊರಟಾಗ ಎರಡು ಅನಾಹುತಗಳಾಗುತ್ತವೆ. ಒಂದು, ಅಂಕುಡೊಂಕು ಗೆರೆ ಮಾತ್ರ ಇರುವ, ತೊಂದರೆಯೇ ಇಲ್ಲದ ಕಾಲುಗಳಿಗೆ ದುಬಾರಿ ಲೇಸರ್ ಆಗುತ್ತದೆ. ಇನ್ನೊಂದು, ನಿಜಕ್ಕೂ ಕೊಳೆಯುತ್ತಿರುವ ಕಾಲಿನ ಒಡತಿ ‘ಇದು ಶ್ರೀಮಂತರ ಶೋಕಿ, ನಮಗಲ್ಲ’ ಎಂದುಕೊಂಡು ಸೆರಗೆಳೆದುಕೊಳ್ಳುತ್ತಾಳೆ. ವಿಮೆಯವರಿಗೂ ಇದರಿಂದ ಅನುಕೂಲ. ಅನೇಕ ಆರೋಗ್ಯ ವಿಮೆ ಪಾಲಿಸಿಗಳಲ್ಲಿ ವೆರಿಕೋಸ್ ವೇನ್ಸ್ ಇರುವುದು 24 ತಿಂಗಳು ಕಾಯಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ.

ಇದು ಹೆಂಗಸರ ಕಾಯಿಲೆ, ಬಸಿರಿನ ಕಾಯಿಲೆ ಎಂಬ ಮಾತೂ ಪೂರ್ತಿ ನಿಜವಲ್ಲ. ಬಸಿರು ಒಂದು ಕಾರಣ, ವಂಶ ಒಂದು ಕಾರಣ, ವಯಸ್ಸು ಮತ್ತು ತೂಕವೂ ಕಾರಣ. ಆದರೆ ಎಡಿನ್‌ಬರೋದಲ್ಲಿ 18ರಿಂದ 64 ವರ್ಷದ ಸುಮಾರು ಒಂದೂವರೆ ಸಾವಿರ ಜನರ ಕಾಲುಗಳನ್ನು ಪರೀಕ್ಷಿಸಿದಾಗ, ದೊಡ್ಡ ಅಭಿಧಮನಿಗಳು ಉಬ್ಬಿದ್ದು ಗಂಡಸರಲ್ಲಿ ಸುಮಾರು 40 ಶೇಕಡಾ, ಹೆಂಗಸರಲ್ಲಿ ಸುಮಾರು 32 ಶೇಕಡಾ. ಗಂಡಸರು ಪ್ಯಾಂಟಿನೊಳಗೆ ಮುಚ್ಚಿಟ್ಟುಕೊಂಡು ಓಡಾಡುತ್ತಾರೆ, ಅಷ್ಟೇ ವ್ಯತ್ಯಾಸ. ನಮ್ಮ ಅಡುಗೆ ಭಟ್ಟರ, ಕ್ಷೌರಿಕರ, ಪೊಲೀಸರ ಪಂಚೆ, ಪ್ಯಾಂಟು ಮೇಲೆತ್ತಿ ನೋಡಿದರೆ ಗೊತ್ತಾಗುತ್ತದೆ.

ನನಗೆ ಈ ವಿಷಯ ಪುಸ್ತಕದಿಂದ ಬಂದದ್ದಲ್ಲ. ನನ್ನ ಚಿಕ್ಕಮ್ಮ ಬೆಂಗಳೂರಿನ ಹೊರವಲಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಚೆಕಿಂಗ್ ವಿಭಾಗದಲ್ಲಿದ್ದಾಳೆ. ಹೊಲಿಯುವವರಿಗೆ ಮೆಷಿನ್ ಮುಂದೆ ಕೂರಲು ಜಾಗವಿದೆ, ಅವರ ಕಷ್ಟ ಬೆನ್ನಿನದು. ಚೆಕಿಂಗ್, ಇಸ್ತ್ರಿ, ಕಟಿಂಗ್, ಹೆಲ್ಪರ್‌ಗಳದ್ದು ನಿಂತ ಕೆಲಸ. ಟೇಬಲ್ಲಿನ ಮೇಲೆ ಶರ್ಟು ಹರಡಿ, ದಾರ ಕತ್ತರಿಸಿ, ಹೊಲಿಗೆ ನೋಡಿ, ತಳ್ಳಿ, ಇನ್ನೊಂದು ಎಳೆದುಕೊಳ್ಳಬೇಕು. ಮೊದಲು ಸಂಜೆಗೆ ಕಾಲು ಭಾರವಾಗತೊಡಗಿತು. ಆಮೇಲೆ ಪಾದದ ಮೇಲೆ ಊತ. ಆಮೇಲೆ ಹಿಮ್ಮಡಿಯ ಒಳಮಗ್ಗುಲಿನ ಚರ್ಮ ಕಂದುಬಣ್ಣಕ್ಕೆ ತಿರುಗಿ ತುರಿಸತೊಡಗಿತು. ಅದನ್ನು ಕಜ್ಜಿ ಎಂದುಕೊಂಡು ಮುಲಾಮು ಹಚ್ಚಿದಳು. ಒಂದು ದಿನ ತುರಿಸಿದ ಜಾಗ ಒಡೆಯಿತು, ಮೂರು ವರ್ಷ ಮಾಯಲಿಲ್ಲ.

ಆ ಮೂರು ವರ್ಷದಲ್ಲಿ ಅವಳಿಗೆ ಸಿಕ್ಕ ಚಿಕಿತ್ಸೆ ಅರಿಸಿನ, ಬೇವಿನೆಣ್ಣೆ, ಆಸ್ಪತ್ರೆಯೊಂದರ ನೋವಿನ ಮಾತ್ರೆ, ಬ್ಯಾಂಡೇಜ್, ಮತ್ತು ಅದೇ ಸಲಹೆ. ಒಮ್ಮೆ ಅವಳು ವೈದ್ಯೆಯನ್ನು ಕೇಳಿದ್ದಳಂತೆ, “ನಿಲ್ಬೇಡಿ ಅಂತ ಬಾಯಲ್ಲಿ ಹೇಳ್ಬೇಡಿ ಮೇಡಂ, ಚೀಟೀಲಿ ಬರ್ಕೊಡಿ. ಸೂಪರ್‌ವೈಸರ್‌ಗೆ ತೋರಿಸ್ತೀನಿ.” ಆ ವೈದ್ಯೆ ಬರೆದುಕೊಟ್ಟರು. ಸೂಪರ್‌ವೈಸರ್ ಓದಿ ಹೇಳಿದ್ದು, “ಹಂಗಾದ್ರೆ ರಜ ಹಾಕಿ ಮನೇಲಿರಿ ಅಕ್ಕ. ಇಲ್ಲಿ ಕೂತು ಮಾಡೋ ಕೆಲಸ ಇಲ್ಲ.” ಶರ್ಟನ್ನು ಎತ್ತರದ ಸ್ಟೂಲಿನ ಮೇಲೆ ಕೂತೂ ನೋಡಬಹುದು ಎಂಬುದು ಅವನಿಗೂ ಗೊತ್ತು. ಆದರೆ ಸ್ಟೂಲು ಅವನು ಕೊಡುವಂಥದ್ದಲ್ಲ.

ಮಾಯದ ಹುಣ್ಣಿನ ಬಗ್ಗೆ ವೈದ್ಯವಿಜ್ಞಾನಕ್ಕೆ ಈಗ ಅನುಮಾನವಿಲ್ಲ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಇವ್ರಾ ಅಧ್ಯಯನದಲ್ಲಿ 450 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಬಿಗಿಪಟ್ಟಿಯ ಜೊತೆಗೆ ತಡಮಾಡದೆ ಕೆಟ್ಟ ನಾಳವನ್ನು ಮುಚ್ಚಿದವರಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನದೊಳಗೆ ಮಾಯಿತು. ಬಿಗಿಪಟ್ಟಿ ಕಟ್ಟಿ ಕಾಯಿಸಿದವರಲ್ಲಿ ಅದಕ್ಕೆ 82 ದಿನ ಬೇಕಾಯಿತು. ಅದಕ್ಕೂ ಮುಂಚೆ, 2004ರ ಎಸ್ಕಾರ್ ಅಧ್ಯಯನ ಇನ್ನೊಂದನ್ನು ತೋರಿಸಿತ್ತು: ಬರೀ ಬಿಗಿಪಟ್ಟಿ ಕಟ್ಟಿದವರಲ್ಲಿ ವರ್ಷದೊಳಗೆ 28 ಶೇಕಡಾ ಜನಕ್ಕೆ ಹುಣ್ಣು ಮರಳಿ ಬಂತು, ಶಸ್ತ್ರಕ್ರಿಯೆಯೂ ಆದವರಲ್ಲಿ 12 ಶೇಕಡಾ. ಅಂದರೆ ಹುಣ್ಣಿಗೆ ಮೇಲಿನಿಂದ ಪಟ್ಟಿ ಕಟ್ಟುತ್ತ ಕೂರುವುದು ನಲ್ಲಿ ಸೋರುತ್ತಿರುವಾಗ ನೆಲ ಒರೆಸುತ್ತ ಕೂತಂತೆ. ಇದು ಗೊತ್ತಿದ್ದೂ ನಮ್ಮಲ್ಲಿ ಎಷ್ಟೋ ಹೆಂಗಸರು ವರ್ಷಗಟ್ಟಲೆ ನೆಲ ಒರೆಸುತ್ತಿದ್ದಾರೆ.

ಕೊನೆಗೆ ಚಿಕ್ಕಮ್ಮನಿಗೆ ಸ್ಕ್ಯಾನ್ ಆಯಿತು, ಸ್ವಸಹಾಯ ಸಂಘದ ಸಾಲದಲ್ಲಿ ಖಾಸಗಿ ಆಸ್ಪತ್ರೆಯೊಂದರಲ್ಲಿ ಲೇಸರ್ ಆಯಿತು. ಎರಡು ತಿಂಗಳಿಗೆ ಹುಣ್ಣು ಮುಚ್ಚಿತು. ಚಿಕಿತ್ಸೆ ಗೆದ್ದಿತು. ಅವಳು ವಾಪಸ್ ಹೋಗಿ ನಿಂತದ್ದು ಅದೇ ಟೇಬಲ್ಲಿನ ಮುಂದೆ. ಈಗ ಇನ್ನೊಂದು ಕಾಲಿನ ಹಿಮ್ಮಡಿ ಕಂದಾಗುತ್ತಿದೆ.

ನಿಲ್ಲುವುದರಿಂದಲೇ ಬಂತೆಂದು ಹೇಗೆ ಹೇಳುತ್ತೀರಿ, ವಂಶದಲ್ಲೇ ಇರಬಹುದಲ್ಲ ಎಂದು ಕಾರ್ಖಾನೆಯ ಪರವಾಗಿ ಮಾತಾಡುವವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಡೆನ್ಮಾರ್ಕಿನಲ್ಲಿ ದುಡಿಯುವ ಜನರನ್ನು 12 ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಕೆಲಸದ ಹೊತ್ತಿನ ಮುಕ್ಕಾಲು ಪಾಲಿಗಿಂತ ಹೆಚ್ಚು ನಿಂತೋ ನಡೆದೋ ಕಳೆಯುವವರು ವೆರಿಕೋಸ್ ವೇನ್ಸ್‌ಗೆಂದು ಆಸ್ಪತ್ರೆ ಸೇರುವ ಸಂಭವ, ಉಳಿದವರಿಗಿಂತ ಸುಮಾರು ಮುಕ್ಕಾಲು ಪಾಲು ಹೆಚ್ಚಿತ್ತು. ಗಂಡಸರಲ್ಲೂ ಹೆಂಗಸರಲ್ಲೂ. ವಂಶ ಬೀಜವಿರಬಹುದು, ನೀರು ಹಾಕುವುದು ಕೆಲಸ. ಬೀಜವನ್ನು ಬದಲಿಸಲು ಆಗದಿದ್ದರೆ ನೀರನ್ನಾದರೂ ನಿಲ್ಲಿಸಬೇಕು.

ಆದರೂ ನಮ್ಮ ಕಾನೂನಿನ ಕಣ್ಣಿಗೆ ಇದು ಕೆಲಸದಿಂದ ಬರುವ ಕಾಯಿಲೆಯಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸೀಸದ ವಿಷ, ಸಿಲಿಕೋಸಿಸ್ ಮೊದಲಾದ 29 ಕಾಯಿಲೆಗಳಿದ್ದವು, ವೆರಿಕೋಸ್ ವೇನ್ಸ್ ಇರಲಿಲ್ಲ. ದುಡಿಮೆಗಾರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲೂ ಇರಲಿಲ್ಲ. ಹದಿನಾಲ್ಕು ವರ್ಷ ನಿಂತು ಕಾಲು ಒಡೆದುಕೊಂಡವಳು ಪರಿಹಾರ ಕೇಳುವ ಮಾತಿರಲಿ, ‘ಇದು ಕೆಲಸದಿಂದ ಆಯಿತು’ ಎಂದು ಬರೆಸಿಕೊಳ್ಳಲೂ ಆಗುವುದಿಲ್ಲ.

ಕುರ್ಚಿಯ ಮಾತು ಮಾತ್ರ ಅದೇ ಕಾರ್ಖಾನೆ ಕಾಯ್ದೆಯಲ್ಲಿತ್ತು. 44ನೇ ಕಲಮು ಹೇಳುತ್ತಿದ್ದುದು ಇದು: ನಿಂತು ಕೆಲಸ ಮಾಡಬೇಕಾದ ಎಲ್ಲ ಕಾರ್ಮಿಕರಿಗೂ, ಕೆಲಸದ ನಡುವೆ ಬಿಡುವು ಸಿಕ್ಕಾಗ ಕೂರಲು ಆಸನದ ಏರ್ಪಾಡು ಇರಬೇಕು. ಕೂತು ಮಾಡಬಹುದಾದ ಕೆಲಸವಾದರೆ ಮುಖ್ಯ ನಿರೀಕ್ಷಕರು ಆಸನ ಕೊಡಿ ಎಂದು ಲಿಖಿತ ಆದೇಶ ಮಾಡಬಹುದಿತ್ತು. ಈ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2020ರಲ್ಲಿ ಒಪ್ಪಿದ ಸಂಹಿತೆಯೂ ನಿಂತು ದುಡಿಯುವವರಿಗೆ ಆಸನ ಬೇಕೆಂಬ ಮಾತನ್ನು ಉಳಿಸಿಕೊಂಡಿದೆ. ಎಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಕಾಗದದ ಮೇಲಿರುವ ಈ ಕುರ್ಚಿ ಚಿಕ್ಕಮ್ಮನ ಟೇಬಲ್ಲಿನವರೆಗೆ ಬಂದಿಲ್ಲ. ‘ಬಿಡುವು ಸಿಕ್ಕಾಗ’ ಎಂಬ ಎರಡು ಪದಗಳಲ್ಲೇ ಎಲ್ಲ ಅಡಗಿದೆ. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ಇರುವಲ್ಲಿ ಬಿಡುವು ಸಿಗುವುದಿಲ್ಲ, ಬಿಡುವು ಸಿಗದಲ್ಲಿ ಕುರ್ಚಿ ಬೇಕಾಗುವುದಿಲ್ಲ. ಇದರ ಮೇಲೆ, ನಮ್ಮ ವಿಧಾನಮಂಡಲ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆವರೆಗೂ ದುಡಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. ಆ ಚರ್ಚೆ ನಡೆದಾಗ ಹನ್ನೆರಡನೇ ಗಂಟೆಯಲ್ಲಿ ಕಾಲಿನ ಕವಾಟಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಗೆ ಎಲ್ಲಿ ಜಾಗವಿತ್ತು?

ಅಂಗಡಿಗಳ ಕಥೆ ಇನ್ನೂ ಬರಿದು. ನಮ್ಮ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆಯ ಮಿತಿ ಇದೆ, ಐದು ಗಂಟೆ ದುಡಿದ ಮೇಲೆ ಒಂದು ಗಂಟೆ ವಿರಾಮ ಇದೆ, ವಾರದ ರಜೆ ಇದೆ. ಕೂರುವ ಹಕ್ಕು ಇಲ್ಲ. ಪಕ್ಕದ ಕೇರಳದಲ್ಲೂ ಇರಲಿಲ್ಲ, ಹೆಂಗಸರು ಕಿತ್ತುಕೊಂಡರು. ಕೋಯಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ದುಡಿಯುತ್ತಿದ್ದ ಹೆಂಗಸರನ್ನು ಪಿ. ವಿಜಿ ಎಂಬ ದರ್ಜಿ ‘ಪೆಣ್‌ಕೂಟ್ಟು’ ಎಂಬ ಹೆಸರಿನಲ್ಲಿ ಒಟ್ಟುಗೂಡಿಸಿದರು. ಮೊದಲ ಬೇಡಿಕೆ ಶೌಚಾಲಯ, ಆಮೇಲೆ ಕುರ್ಚಿ. 2014ರ ಕೊನೆಗೆ ತ್ರಿಶೂರಿನ ದೊಡ್ಡ ಸೀರೆ ಅಂಗಡಿಯೊಂದರ ಕೆಲಸಗಾರ್ತಿಯರು ಮುಷ್ಕರ ಹೂಡಿ, ನೂರಕ್ಕೂ ಹೆಚ್ಚು ದಿನ ಅಂಗಡಿಯ ಮುಂದೆ ಕೂತರು. ಅದಕ್ಕೆ ಅವರಿಟ್ಟ ಹೆಸರು ‘ಇರಿಕ್ಕಲ್ ಸಮರಂ’, ಕೂರುವ ಹೋರಾಟ. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಯನ್ನು ತಿದ್ದಿ ಕೂರುವ ಏರ್ಪಾಡನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಅದನ್ನೇ ಮಾಡಿತು. ಇಂಗ್ಲೆಂಡಿನಲ್ಲಿ ಮೂವರು ಅಂಗಡಿ ಹೆಂಗಸರಿಗೆ ಒಂದು ಆಸನವಾದರೂ ಇರಲೇಬೇಕೆಂಬ ಕಾನೂನು ಬಂದದ್ದು 1899ರಲ್ಲಿ.

ಆ ‘ಇರಿಕ್ಕಲ್’ ಪದದ ಬಳಿ ಕನ್ನಡದ ವಿದ್ಯಾರ್ಥಿಗಳು ಒಂದು ಗಳಿಗೆ ನಿಲ್ಲಬೇಕು. ಮಲಯಾಳದಲ್ಲಿ ಕೂರುವುದಕ್ಕೆ ಬಳಸುವ ‘ಇರಿ’ ಮತ್ತು ನಮ್ಮ ‘ಇರು’ ಒಂದೇ ಬೇರಿನವು. ಅವರಲ್ಲಿ ಕೂರುವುದಾಗಿ ಉಳಿದದ್ದು ನಮ್ಮಲ್ಲಿ ಇರುವುದಾಗಿದೆ. ಕೂರಲು ಬಿಡದ ಜಾಗದಲ್ಲಿ ಮನುಷ್ಯರನ್ನು ಇರಲೂ ಬಿಟ್ಟಿಲ್ಲ ಎಂದು ಆ ಹೆಂಗಸರಿಗೆ ಭಾಷಾಶಾಸ್ತ್ರ ಓದದೆಯೇ ಗೊತ್ತಿತ್ತು.

ನಮ್ಮಲ್ಲಿ ಕೂರುವುದು ಎಂದೂ ಬರೀ ಮೈಯ ವಿಷಯವಾಗಿರಲಿಲ್ಲ. ಗೌಡರ ಜಗಲಿಯ ಮುಂದೆ ಯಾರು ಕೂರಬಹುದು, ಯಾರು ಕೈಕಟ್ಟಿ ನಿಲ್ಲಬೇಕು ಎಂಬುದನ್ನು ಜಾತಿ ಹೇಳುತ್ತಿತ್ತು. ಸೊಸೆ ಮಾವನ ಎದುರು ಕೂರುತ್ತಿರಲಿಲ್ಲ, ಆಳು ಧಣಿಯ ಎದುರು ಕೂರುತ್ತಿರಲಿಲ್ಲ. ಆ ಜಗಲಿಯೇ ಇಂದು ಹವಾನಿಯಂತ್ರಿತ ಶೋರೂಮಾಗಿದೆ. ‘ಗಿರಾಕಿ ಬಂದಾಗ ಕೂತಿದ್ದರೆ ಮರ್ಯಾದೆ ಅಲ್ಲ’ ಎನ್ನುವ ಮಾಲೀಕ ವ್ಯಾಪಾರದ ನಿಯಮ ಹೇಳುತ್ತಿಲ್ಲ, ಹಳೆಯ ಜಗಲಿಯ ನಿಯಮ ಹೇಳುತ್ತಿದ್ದಾನೆ. ನೋಡಿ, ನಮ್ಮ ಪತ್ರಿಕೆಗಳಲ್ಲಿ ‘ಕುರ್ಚಿ’ ಎಂಬ ಪದ ತಲೆಬರಹದಲ್ಲಿ ಬಂದರೆ ಅದು ಮುಖ್ಯಮಂತ್ರಿಯ ಕುರ್ಚಿ. ಸೀರೆ ಅಂಗಡಿಯ ಹುಡುಗಿಯ ಪ್ಲಾಸ್ಟಿಕ್ ಸ್ಟೂಲಿಗೆ ತಲೆಬರಹ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಕೂತರೆ ಉತ್ಪಾದನೆ ಕುಸಿಯುತ್ತದೆ ಎನ್ನುತ್ತಾರೆ. ಬ್ಯಾಂಕಿನ ಕ್ಯಾಷಿಯರ್ ಕೂತೇ ಲಕ್ಷಾಂತರ ಎಣಿಸುತ್ತಾರೆ, ಅವರ ಲೆಕ್ಕವನ್ನು ಯಾರೂ ಅನುಮಾನಿಸಿಲ್ಲ. ಸೂಪರ್ ಮಾರ್ಕೆಟಿನಲ್ಲಿ ಬಿಲ್ ಮಾಡುವವಳು ಮಾತ್ರ ಯಾಕೆ ನಿಂತು ಎಣಿಸಬೇಕು? ಇನ್ನು ಕೆಲವರು, ದಿನವೆಲ್ಲ ಕೂತರೂ ಕಾಯಿಲೆ ಬರುತ್ತದಲ್ಲ ಎನ್ನುತ್ತಾರೆ. ಬರುತ್ತದೆ. ದಿನವೆಲ್ಲ ಕೂರಿಸಿ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಕಾಲಿಗೆ ಬೇಕಾದದ್ದು ಬದಲಾವಣೆ: ಸ್ವಲ್ಪ ನಿಲ್ಲುವುದು, ಸ್ವಲ್ಪ ಕೂರುವುದು, ಸ್ವಲ್ಪ ನಡೆಯುವುದು. ಆ ಬದಲಾವಣೆ ಯಾವಾಗ ಎಂದು ತೀರ್ಮಾನಿಸುವ ಅಧಿಕಾರ ಕಾಲಿನ ಒಡತಿಗಿರಬೇಕು ಎಂಬುದಷ್ಟೇ ಬೇಡಿಕೆ.

ಆದ್ದರಿಂದ ಕೇಳಬೇಕಾದದ್ದು ಸ್ಪಷ್ಟವಾಗಿದೆ. ಕರ್ನಾಟಕದ ಅಂಗಡಿ ಕಾಯ್ದೆಗೆ ಕೂರುವ ಹಕ್ಕನ್ನು ಸೇರಿಸಬೇಕು. ಕಾರ್ಖಾನೆಗಳಲ್ಲಿ ಇರುವ ಹಕ್ಕನ್ನು ಟಾರ್ಗೆಟ್ ನುಂಗದಂತೆ, ಗಂಟೆಗೆ ಇಷ್ಟು ನಿಮಿಷ ಎಂದು ನಿಯಮದಲ್ಲೇ ಬರೆಯಬೇಕು. ನಿಂತು ದುಡಿಯುವವರ ಕಾಲು ಒಡೆದರೆ ಅದನ್ನು ಉದ್ಯೋಗದ ಕಾಯಿಲೆ ಎಂದು ಪಟ್ಟಿಗೆ ಸೇರಿಸಬೇಕು. ಹಿಮ್ಮಡಿಯ ಹುಣ್ಣು ಎರಡು ವಾರಕ್ಕೂ ಮಾಯದ ಪ್ರತಿಯೊಬ್ಬರಿಗೂ ಜಿಲ್ಲಾ ಆಸ್ಪತ್ರೆಯಲ್ಲಿ ಡಾಪ್ಲರ್ ಸ್ಕ್ಯಾನ್ ಆಗಬೇಕು, ನಾಳ ಮುಚ್ಚುವ ಚಿಕಿತ್ಸೆ ಸಾಲವಿಲ್ಲದೆ ಸಿಗಬೇಕು. ವೈದ್ಯರು ‘ನಿಲ್ಲಬೇಡಿ’ ಎಂದು ರೋಗಿಗೆ ಹೇಳುವುದನ್ನು ಬಿಟ್ಟು ‘ಇವರಿಗೆ ಆಸನ ಕೊಡತಕ್ಕದ್ದು’ ಎಂದು ಮಾಲೀಕರನ್ನು ಉದ್ದೇಶಿಸಿ, ಸಹಿ ಮತ್ತು ಸೀಲು ಹಾಕಿ ಬರೆಯಬೇಕು. ಆ ಚೀಟಿಗೆ ಬೆಲೆ ಬರುವಂಥ ಕಾನೂನು ಮಾಡುವುದು ಶಾಸಕರ ಕೆಲಸ.

ಓದುಗರಾದ ನಮಗೂ ಕೆಲಸವಿದೆ. ಕಾಯಕದ ಬಗ್ಗೆ ನಾವು ಬರೆದ ಪ್ರಬಂಧಗಳಿಗೆ ಲೆಕ್ಕವಿಲ್ಲ. ಕಾಯಕ ಎಂಬ ಪದದೊಳಗೆ ಕಾಯವಿದೆ, ಆ ಕಾಯಕ್ಕೆ ಎರಡು ಕಾಲುಗಳಿವೆ ಎಂಬುದನ್ನು ಮರೆತು ಬರೆದಿದ್ದೇ ಹೆಚ್ಚು. ಮುಂದಿನ ಸಲ ಹಬ್ಬದ ಬಟ್ಟೆಗೆ ಹೋದಾಗ, ಇಪ್ಪತ್ತನೇ ಸೀರೆ ಬಿಡಿಸಿ ತೋರಿಸುತ್ತಿರುವವಳ ಹಿಂದೆ ಒಂದು ಸ್ಟೂಲಾದರೂ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಬಿಲ್ ಕೊಡುವಾಗ ಮಾಲೀಕರನ್ನು ಕೇಳಿ, ಅವಳ ಹೆಸರು ಹೇಳದೆ. ದಿನಕ್ಕೆ ಹತ್ತು ಗಿರಾಕಿಗಳು ಕೇಳಿದರೆ, ಕಾನೂನು ಬರುವ ಮೊದಲೇ ಕೆಲವು ಅಂಗಡಿಗಳಿಗೆ ಕುರ್ಚಿ ಬರಬಹುದು. ಉಳಿದ ಅಂಗಡಿಗಳಿಗೆ ಕಾನೂನೇ ಬರಬೇಕು.